ಶಾಂತಾರಾಮರನ್ನು ನವರಂಗ್‌ನಿಂದ ಶುರು ಮಾಡಬೇಡಿ

'ನವರಂಗ್ ಅರ್ಧ ಗಂಟೆ ನೋಡಿ ನಿಲ್ಲಿಸಿದೆ, ಬರೀ ಬಣ್ಣ, ಕುಣಿತ. ವಿ. ಶಾಂತಾರಾಮ್ ಅಂದ್ರೆ ಇಷ್ಟೇನಾ?' ಅಂತ ಈ ಹಿಂದಿ-ಮರಾಠಿ ನಿರ್ದೇಶಕರ ಬಗ್ಗೆ ನಮ್ಮ ಸಿನಿಮಾ ಗುಂಪಿನಲ್ಲಿ ಕೇಳಿದ್ದೀರಿ. ನಾನೂ ಹೀಗೇ ಶುರು ಮಾಡಿ ಕೆಟ್ಟವನು. ಮೊದಲು ಝನಕ್ ಝನಕ್ ಪಾಯಲ್ ಬಾಜೇ, ಆಮೇಲೆ ನವರಂಗ್. ಇವರು ನನಗಲ್ಲ ಅಂತ ಆರು ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತೆ.

ಮೊದಲು ಅವರ 1937ರ ಸಿನಿಮಾ ಕುಂಕೂ ಹಾಕಿ. ಹಿಂದಿಯಲ್ಲಿ ಇದೇ ದುನಿಯಾ ನ ಮಾನೇ. ಮರಾಠಿಯದ್ದು ಸಿಕ್ಕರೆ ಅದನ್ನೇ ನೋಡಿ. ಪ್ರಿಂಟ್ ತೀರಾ ಹಾಳಾಗಿದ್ದರೆ ಮಾತ್ರ ಹಿಂದಿಗೆ ಹೋಗಿ. ವಯಸ್ಸಾದ ವಕೀಲರಿಗೆ ಮೋಸದಿಂದ ಮದುವೆ ಮಾಡಿಕೊಟ್ಟ ಹುಡುಗಿ, ಈತ ನನ್ನ ಗಂಡ ಅಲ್ಲವೇ ಅಲ್ಲ ಅಂತ ಅದೇ ಮನೆಯಲ್ಲಿ ನಿಂತು ಹೇಳುತ್ತಾಳೆ. ಹುಡುಗಿಯಾಗಿ ಶಾಂತಾ ಆಪ್ಟೆ, ವಕೀಲರಾಗಿ ಕೇಶವರಾವ್ ದಾತೆ. ಇಬ್ಬರಲ್ಲಿ ಯಾರನ್ನೂ ಪೂರ್ತಿ ದ್ವೇಷಿಸೋಕೆ ಆಗಲ್ಲ.

ಇದರಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಮನೆಯ ಸದ್ದು, ಬೀದಿಯ ಸದ್ದು, ಅಷ್ಟೇ. ಅದಕ್ಕೇ ಎರಡು ಸಲ ನೋಡಿ. ಒಮ್ಮೆ ಸುಮ್ನೆ ಕಥೆಗೆ. ಮರುದಿನ ಹೆಡ್‌ಫೋನ್ ಹಾಕಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿ. ರಾತ್ರಿ ಹನ್ನೊಂದಕ್ಕೆ ನಾನು ಹಾಗೆ ಕೂತಿದ್ದಾಗ ಟಿಕ್ ಟಿಕ್ ಕೇಳಿಸಿತು. ನಮ್ಮ ಮನೆ ಗಡಿಯಾರ ಅಂದುಕೊಂಡು ಹೆಡ್‌ಫೋನ್ ತೆಗೆದೆ. ಸದ್ದು ನಿಂತುಹೋಯಿತು. ಅದು ಆ ವಕೀಲರ ಮನೆಯದ್ದು! ಅವತ್ತು ನನಗೆ ಶಾಂತಾರಾಮ್ ಹಿಡಿಸಿದರು.

ವೈರ್ ಇರೋ ಹೆಡ್‌ಫೋನ್ ಸಾಕು. ನನ್ನದು ಹಳೇ ಸೆನ್‌ಹೈಸರ್. ಜಾಸ್ತಿ ಬೇಸ್ ಕುಟ್ಟುವಂಥದ್ದು ಬೇಡ, ಹಳೇ ಸೌಂಡ್‌ಟ್ರ್ಯಾಕಿನ ಸರಸರ ಸದ್ದೆಲ್ಲ ಗದ್ದಲವಾಗುತ್ತೆ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನೀವು ಹಾಕಿದ ಫೋಟೋದಲ್ಲಿ ಟಿವಿ ತುಂಬಾ ಚಿತ್ರ ಹಿಗ್ಗಿದೆ. ಮುಖಗಳೆಲ್ಲ ಕುಂಬಳಕಾಯಿ ಆಗಿವೆ. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದ್ದೇವೆ? ಪಕ್ಕದ ಕಪ್ಪು ಪಟ್ಟಿ ಇರಲಿ ಬಿಡಿ, ಚಿತ್ರ ಇರೋದೇ ಅಷ್ಟಗಲ. ಚಲನೆಯನ್ನು ನಯ ಮಾಡೋ ಟಿವಿ ಸೆಟ್ಟಿಂಗ್ ಒಂದಿರುತ್ತೆ, ಎಲ್‌ಜಿ ಆದರೆ ಟ್ರೂಮೋಷನ್, ಸೋನಿ ಆದರೆ ಮೋಷನ್‌ಫ್ಲೋ, ಅದನ್ನೂ ಆಫ್ ಮಾಡಿ. ಇಲ್ಲಾಂದ್ರೆ 1937ರ ಸಿನಿಮಾ ಧಾರಾವಾಹಿ ಥರ ಕಾಣುತ್ತೆ.

ಕುಂಕೂ ಆದಮೇಲೆ ಮಾಣೂಸ್ (1939), ಶೇಜಾರಿ (1941). ಮೂರೂ ಪುಣೆಯ ಪ್ರಭಾತ್‌ನವು. 1929ರಲ್ಲಿ ಕೊಲ್ಹಾಪುರದಲ್ಲಿ ಶಾಂತಾರಾಮ್ ದಾಮ್ಲೆ, ಫತ್ತೇಲಾಲ್ ಮುಂತಾದವರ ಜೊತೆ ಕಟ್ಟಿದ ಸಿನಿಮಾ ಕಂಪನಿ ಅದು, ಆಮೇಲೆ ಪುಣೆಗೆ ಬಂತು. ಪುಣೆಯ ಆ ಸ್ಟುಡಿಯೋ ಜಾಗದಲ್ಲೇ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. 1942ರಲ್ಲಿ ಪ್ರಭಾತ್ ಬಿಟ್ಟು ಮುಂಬೈಯ ಪರೇಲ್‌ನಲ್ಲಿ ತಮ್ಮದೇ ಸ್ಟುಡಿಯೋ ರಾಜಕಮಲ್ ಶುರು ಮಾಡಿದರು. ಹುಬ್ಬಳ್ಳಿಯವರು ಇಲ್ಲಿ ಇದ್ದೀರಲ್ವಾ? ಸಿನಿಮಾ ಕಂಪನಿ ಸೇರೋ ಮೊದಲು ನಿಮ್ಮೂರ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದ ಹುಡುಗ ಇವರು. ಅಲ್ಲಿಯ ಚಿತ್ರಮಂದಿರದಲ್ಲೂ ಕೆಲಸ ಮಾಡಿದ್ದರು.

ಬಣ್ಣದ ಹುಚ್ಚು ಕೊನೆಗಾಲದಲ್ಲಿ ಬಂದಿದ್ದು ಅಂತಲೂ ಅಂದುಕೊಳ್ಳಬೇಡಿ. 1933ರಲ್ಲೇ ಸೈರಂಧ್ರಿ ಸಿನಿಮಾವನ್ನು ಬಣ್ಣದಲ್ಲಿ ಮಾಡೋಕೆ ಜರ್ಮನಿವರೆಗೂ ಹೋದರು. ಬಣ್ಣ ಕೈಕೊಟ್ಟಿತು. ಆಮೇಲೆ ದೋ ಆಂಖೇಂ ಬಾರಹ್ ಹಾಥ್ (1957) ಮಾಡುವಾಗ ಗೂಳಿ ಜೊತೆಗಿನ ಕಾಳಗದಲ್ಲಿ ಕಣ್ಣಿಗೆ ಪೆಟ್ಟಾಯಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕತ್ತಲಲ್ಲಿ ಮಲಗಿದ್ದರು. ಆ ಪಟ್ಟಿ ಬಿಚ್ಚಿದ ಮೇಲೆ ಮಾಡಿದ್ದೇ 1959ರ ನವರಂಗ್. ಈಗ ಹೇಳಿ, ನೀವು ಅರ್ಧಕ್ಕೆ ಬಿಟ್ಟ ಆ ಬಣ್ಣ ಬರೀ ಆಡಂಬರನಾ? ಹಾಗಂತ ಇವತ್ತೇ ಮತ್ತೆ ಹಾಕಬೇಡಿ. ಮೊದಲು ಕಪ್ಪು-ಬಿಳುಪಿನವನ್ನು ಮುಗಿಸಿ, ನವರಂಗ್ ಕೊನೆಗಿರಲಿ.

1972ರ ಪಿಂಜರಾ ಬಗ್ಗೆ ಬೇರೆಯೇ ಬರೆಯಬೇಕು, ಅದರ ನಟ ಶ್ರೀರಾಮ್ ಲಾಗೂ ಅವರಿಗೋಸ್ಕರನಾದರೂ. ಭಾನುವಾರ ಕುಂಕೂ ನೋಡಿ. ಗಡಿಯಾರ ಕೇಳಿಸಿತಾ ಅಂತ ಇಲ್ಲೇ ಹಾಕಿ.