ತಂತಿ ಮಾತು: ಎಡ್ಡಿಗಾಗಿ ಅತ್ತವರ ಪತ್ರಗಳು

ಅಕ್ಟೋಬರ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೇ ಬೇರೆ. ಯಾವ ತಂತಿ ಒಳ್ಳೆಯದು, ಬೆರಳು ಉರಿಯುತ್ತೆ ಏನು ಮಾಡಲಿ ಅನ್ನುವ ಪ್ರಶ್ನೆಗಳು ಕಮ್ಮಿಯಾಗುತ್ತವೆ. ಅಮೆರಿಕದ ರಾಕ್ ತಂಡ ವ್ಯಾನ್ ಹೇಲನ್‌ನ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಬಗ್ಗೆ ಬರೆಯುವವರು ಜಾಸ್ತಿಯಾಗುತ್ತಾರೆ. ಅವರು ತೀರಿಕೊಂಡದ್ದು 2020ರ ಅಕ್ಟೋಬರ್ 6ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ವಯಸ್ಸು 65. ಹಲವು ವರ್ಷ ಕ್ಯಾನ್ಸರ್ ಜೊತೆ ಗುದ್ದಾಡಿದ್ದರು. ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ನಾನು ಎಡ್ಡಿಯನ್ನು ಒಮ್ಮೆಯೂ ಎದುರಿಗೆ ನೋಡಿದವನಲ್ಲ. ಆದರೂ ಸುದ್ದಿ ಕೇಳಿದ ದಿನ ಅತ್ತುಬಿಟ್ಟೆ. ಈಗಲೂ ಆ ದಿನ ಬಂದರೆ ಮನಸ್ಸು ಸರಿ ಇರಲ್ಲ. "ಅವನು ನಿನಗೆ ಏನಾಗಬೇಕು?" ಅಂತ ಮನೆಯವರು ಕೇಳುತ್ತಾರೆ. ಏನು ಹೇಳಲಿ?

ಮೇಷ್ಟ್ರು ಆಗಬೇಕು ಅಂತ ಹೇಳಿ. ಅದರಲ್ಲಿ ಸುಳ್ಳೇನೂ ಇಲ್ಲ. ನೀವೂ ಗಿಟಾರ್ ನುಡಿಸುತ್ತೀರಿ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅಂದಮೇಲೆ ಆ ಮನುಷ್ಯನ ಎರಡು ಸೆಕೆಂಡಿನ ತುಣುಕನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ, ಮತ್ತೆ ಹಿಂದಕ್ಕೆ ತಿರುಗಿಸಿ ರಾತ್ರಿಗಳನ್ನು ಕಳೆದಿರುತ್ತೀರಿ. ಎಷ್ಟೋ ಜನ ಸ್ವಂತ ನೆಂಟರ ಮಾತನ್ನೂ ಅಷ್ಟು ಗಮನ ಕೊಟ್ಟು ಕೇಳಿರುವುದಿಲ್ಲ. ಅಷ್ಟು ಹತ್ತಿರದಿಂದ ಕೇಳಿಸಿಕೊಂಡವರು ಹೋದಾಗ ಅಳು ಬರದೇ ಇದ್ದರೆ ಆಶ್ಚರ್ಯ.

ನಾನು ಗಿಟಾರ್ ಕಲಿಸುವವನು. ಸುದ್ದಿ ಬಂದ ದಿನ ನನ್ನ ವಿದ್ಯಾರ್ಥಿಗಳಿಂದ ಸಂದೇಶದ ಮೇಲೆ ಸಂದೇಶ ಬಂತು. ಹೆಚ್ಚಿನವರು ಒಂದು ಪದವನ್ನೂ ಬರೆದಿರಲಿಲ್ಲ. ಎಡ್ಡಿಯಿಂದ ತಾವು ಕಲಿತ ಒಂದೊಂದು ತುಣುಕನ್ನು ನುಡಿಸಿ ಕಳಿಸಿದ್ದರು. ಕೆಲವು ಶ್ರುತಿ ತಪ್ಪಿದ್ದವು. ತಿದ್ದಲು ಹೋಗಲಿಲ್ಲ. ಎಲ್ಲವನ್ನೂ ಕೂತು ಪೂರ್ತಿ ಕೇಳಿದೆ.

"ರೆಕಾರ್ಡುಗಳು ಇವೆಯಲ್ಲ, ಅವರು ಎಲ್ಲಿ ಹೋದರು?" ಅಂತ ಸಮಾಧಾನ ಹೇಳುವವರೂ ಇದ್ದಾರೆ. ಇವೆ, ನಿಜ. ಆದರೆ ಅಭಿಮಾನಿ ಬರೀ ಹಳೆಯದನ್ನು ಕೇಳುತ್ತಾ ಬದುಕುವವನಲ್ಲ. ಮುಂದಿನದಕ್ಕೆ ಕಾಯುತ್ತಿರುತ್ತಾನೆ. ವ್ಯಾನ್ ಹೇಲನ್ ತಂಡದ ಕೊನೆಯ ಸ್ಟುಡಿಯೋ ಆಲ್ಬಮ್ ಬಂದದ್ದು 2012ರಲ್ಲಿ. ಕೊನೆಯ ಸಂಗೀತ ಕಛೇರಿ 2015ರ ಅಕ್ಟೋಬರ್ 4ರಂದು, ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ. ಆಮೇಲೆ ಐದು ವರ್ಷ ಅಭಿಮಾನಿಗಳು ಕಾದರು. ಹುಷಾರಾಗುತ್ತಾರೆ, ಮತ್ತೆ ವೇದಿಕೆ ಹತ್ತುತ್ತಾರೆ, ಇನ್ನೊಂದು ಆಲ್ಬಮ್ ಬರುತ್ತದೆ ಅಂದುಕೊಂಡೇ ಇದ್ದರು. ಅಕ್ಟೋಬರ್ 6ಕ್ಕೆ ಆ ಕಾಯುವಿಕೆ ಮುಗಿಯಿತು. ನೀವು ಅತ್ತದ್ದು ಆ ಬಾರದ ಹಾಡುಗಳಿಗೂ ಸೇರಿಸಿ. ಮನೆಯವರಿಗೆ ಇದನ್ನೂ ಹೇಳಿ ನೋಡಿ.

ಪ್ರಶ್ನೆ: ಆಗ ಕೋವಿಡ್ ಸಮಯ. ಅಲ್ಲಿಯ ಅಭಿಮಾನಿಗಳು ಹೇಗೆ ವಿದಾಯ ಹೇಳಿದರು? ದೊಡ್ಡ ಸಭೆ ಏನಾದರೂ ನಡೆಯಿತಾ?

ಸಾವಿರಾರು ಜನ ಒಂದೆಡೆ ಸೇರಿ ಹಾಡುವ ಹಾಗಿರಲಿಲ್ಲ. ಕಛೇರಿಗಳೇ ನಿಂತುಹೋಗಿದ್ದ ಕಾಲ ಅದು. ಸಾವಿನ ಸುದ್ದಿಯನ್ನು ಮಗ ವೋಲ್ಫ್‌ಗ್ಯಾಂಗ್ ಟ್ವಿಟರ್‌ನಲ್ಲಿ ಬರೆದರು. ಜನ ತಮ್ಮ ಪಾಡಿಗೆ ಪ್ಯಾಸಡೀನಾ ಕಡೆ ಹೊರಟರು.

ಯಾಕೆ ಪ್ಯಾಸಡೀನಾ? ಎಡ್ಡಿ ಹುಟ್ಟಿದ್ದು 1955ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಪ್ಪ ಯಾನ್, ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ನುಡಿಸುವ ಡಚ್ ಸಂಗೀತಗಾರ. ಅಮ್ಮ ಯುಜೀನಿಯಾ ಇಂಡೋನೇಷ್ಯಾ ಮೂಲದವರು. 1962ರಲ್ಲಿ ಸಂಸಾರ ಹಡಗು ಹತ್ತಿ ಅಮೆರಿಕಕ್ಕೆ ಬಂತು. ಕೈಯಲ್ಲಿದ್ದದ್ದು 50 ಡಾಲರ್ ಮತ್ತು ಒಂದು ಪಿಯಾನೋ ಅಂತ ಎಡ್ಡಿಯೇ ಹೇಳಿಕೊಂಡಿದ್ದಾರೆ. ಅಪ್ಪ ಕಟ್ಟಡ ಗುಡಿಸುವ ಕೆಲಸ ಮಾಡಿದರು, ಅಮ್ಮ ಮನೆಗೆಲಸ. ಇಂಗ್ಲಿಷ್ ಬಾರದ ಇಬ್ಬರು ಹುಡುಗರು, ಅಲೆಕ್ಸ್ ಮತ್ತು ಎಡ್ಡಿ, ಪ್ಯಾಸಡೀನಾದಲ್ಲಿ ಬೆಳೆದರು. ಮೊದಲು ಡ್ರಮ್ಸ್ ಎಡ್ಡಿಯದು, ಗಿಟಾರ್ ಅಲೆಕ್ಸ್‌ನದು. ಆಮೇಲೆ ಅದಲುಬದಲಾಯಿತು.

ಹಾಗಾಗಿ ಅಭಿಮಾನಿಗಳು ಲಾಸ್ ಲೂನಸ್ ಸ್ಟ್ರೀಟಿನ ಆ ಹಳೇ ಮನೆ ಮುಂದೆ ಬಂದು ನಿಂತರು. ಅಲೆನ್ ಅವೆನ್ಯೂದ ಫುಟ್‌ಪಾತಿನಲ್ಲಿ, ಹಿಂದೆಂದೋ ಹಸಿ ಸಿಮೆಂಟಿನ ಮೇಲೆ ಗೀಚಿದ "ವ್ಯಾನ್ ಹೇಲನ್" ಅನ್ನುವ ಹೆಸರಿದೆ. ಅದರ ಸುತ್ತ ಹೂವು, ಮೇಣದ ಬತ್ತಿ, ಗಿಟಾರ್ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಇಟ್ಟು ಹೋದರು. ಹಾಲಿವುಡ್‌ನ ಸನ್‌ಸೆಟ್ ಬೂಲೆವಾರ್ಡ್‌ನಲ್ಲಿ ಸಂಗೀತಗಾರರ ಅಂಗೈ ಗುರುತು ಇರುವ ರಾಕ್‌ವಾಕ್‌ಗೂ ಜನ ಹೋದರು. ಮಾಸ್ಕ್ ಹಾಕಿಕೊಂಡು ಬಂದರು, ಸ್ವಲ್ಪ ಹೊತ್ತು ನಿಂತರು, ಮುಂದಿನವರಿಗೆ ಜಾಗ ಬಿಟ್ಟರು.

ದೊಡ್ಡ ಮೈದಾನದ ಸಭೆಗಿಂತ ಇದೇ ಅವರಿಗೆ ಒಪ್ಪುತ್ತಿತ್ತು ಅಂತ ನನಗೆ ಅನಿಸುತ್ತದೆ. ಆ ತಂಡ ಶುರುವಾದದ್ದೇ ಅದೇ ಊರಿನ ಮನೆಗಳ ಹಿತ್ತಲಿನ ಪಾರ್ಟಿಗಳಲ್ಲಿ ನುಡಿಸುತ್ತಾ.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು ವರ್ಷ. ಎಡ್ಡಿ ನೆನಪಿಗೆ ಅವರ "ಇರಪ್ಷನ್" ಅನ್ನುವ ಗಿಟಾರ್ ತುಣುಕನ್ನು ನುಡಿಸಬೇಕು ಅಂತ ಹಟ ಹಿಡಿದಿದ್ದಾನೆ. ಈ ವಯಸ್ಸಿಗೆ ಅದು ಆಗುತ್ತಾ? ಎಲ್ಲಿಂದ ಶುರು ಮಾಡಲಿ?

ಆಗುತ್ತದೆ. ಪೂರ್ತಿ ನುಡಿಸಲು ವರ್ಷಗಳು ಬೇಕು, ಆದರೆ ಎಲ್ಲರ ಮೈ ಜುಮ್ಮೆನ್ನಿಸುವ ಆ ಕೊನೆಯ ಭಾಗದ ಮೊದಲ ಹೆಜ್ಜೆಯನ್ನು ಈ ವಾರವೇ ಹಾಕಬಹುದು.

ತೆಳ್ಳನೆಯ ತಂತಿಯ ಕಡೆಯಿಂದ ಎಣಿಸಿ ಎರಡನೇ ತಂತಿ ಹಿಡಿಯಲಿ. ಎಡಗೈ ತೋರುಬೆರಳು ಎರಡನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲೆ ಲೋಹದ ಪಟ್ಟಿಗಳು ಮಾಡುವ ಮನೆಗಳೇ ಫ್ರೆಟ್), ಕಿರುಬೆರಳು ಐದನೇ ಫ್ರೆಟ್‌ನಲ್ಲಿ. ಬಲಗೈಯ ಒಂದು ಬೆರಳಿನಿಂದ ಒಂಬತ್ತನೇ ಫ್ರೆಟ್‌ ಮೇಲೆ ತಂತಿಯನ್ನು ಕುಟ್ಟಬೇಕು. ಕುಟ್ಟಿದ ಬೆರಳನ್ನು ಸುಮ್ನೆ ಮೇಲೆತ್ತಬಾರದು. ತಂತಿಯನ್ನು ಚೂರು ಪಕ್ಕಕ್ಕೆ ಮೀಟುತ್ತಾ ಬಿಡಬೇಕು. ಆಗ ಎರಡನೇ ಫ್ರೆಟ್‌ನ ಸ್ವರ ಕೇಳುತ್ತದೆ. ಕೂಡಲೇ ಕಿರುಬೆರಳು ಐದರ ಮೇಲೆ ಬೀಳಬೇಕು. ಒಂಬತ್ತು, ಎರಡು, ಐದು. ಮತ್ತೆ ಒಂಬತ್ತು, ಎರಡು, ಐದು. ಮೂರೂ ಸ್ವರಗಳ ಜೋರು ಒಂದೇ ಸಮ ಆಗುವವರೆಗೆ ವೇಗದ ಮಾತೇ ಬೇಡ. ಅದು ಕೂತ ಮೇಲೆ ಬಲಗೈ ಬೆರಳನ್ನು ಹತ್ತನೇ ಫ್ರೆಟ್‌ಗೆ ಸರಿಸಲಿ. ಹಾಡಿನ ಬಣ್ಣ ಬದಲಾಗುವುದು ಅವನಿಗೇ ಗೊತ್ತಾಗುತ್ತದೆ. ರೆಕಾರ್ಡಿನ ಜೊತೆ ನುಡಿಸುವುದಾದರೆ ಗಿಟಾರನ್ನು ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಳ್ಳಬೇಕು.

ಎಡ್ಡಿಗಿಂತ ಮೊದಲೂ ಈ ಥರ ಕುಟ್ಟಿ ನುಡಿಸಿದವರು ಇದ್ದರು. ಆದರೆ 1978ರ ಫೆಬ್ರುವರಿಯಲ್ಲಿ ತಂಡದ ಮೊದಲ ಆಲ್ಬಮ್ ಬಂದಾಗ, ಒಂದು ನಿಮಿಷ 42 ಸೆಕೆಂಡಿನ ಈ ತುಣುಕು ಕೇಳಿ ಅದು ಗಿಟಾರೋ ಕೀಬೋರ್ಡೋ ಗೊತ್ತಾಗದೆ ತಲೆ ಕೆಡಿಸಿಕೊಂಡವರು ಬಹಳ. ಅದು ಆಲ್ಬಮ್ಮಿಗೆಂದು ಬರೆದದ್ದೇ ಅಲ್ಲ. ಲಾಸ್ ಏಂಜಲೀಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ಎಡ್ಡಿ ಕಛೇರಿಗೆ ಕೈ ಪಳಗಿಸಿಕೊಳ್ಳುತ್ತಿದ್ದರು. ನಿರ್ಮಾಪಕ ಟೆಡ್ ಟೆಂಪಲ್‌ಮನ್ ಕಿವಿಗೆ ಬಿತ್ತು. ಇದನ್ನೂ ರೆಕಾರ್ಡ್ ಮಾಡೋಣ ಅಂದರು.

ಮಗನಿಗೆ ಇದನ್ನು ಮರೆಯದೆ ಹೇಳಿ: ಅದರಲ್ಲೊಂದು ತಪ್ಪಿದೆ, ಇನ್ನೂ ಚೆನ್ನಾಗಿ ನುಡಿಸಬಹುದಿತ್ತು ಅಂತ ಎಡ್ಡಿ ಕೊನೆಯವರೆಗೂ ಹೇಳುತ್ತಿದ್ದರು. ಎಡವಿದ ದಿನ ಅವನಿಗೆ ಇದು ಬೇಕಾಗುತ್ತದೆ.

ಪ್ರಶ್ನೆ: ಅವರದೇ ಮಾದರಿಯ ಕೆಂಪು-ಬಿಳಿ-ಕಪ್ಪು ಪಟ್ಟಿಯ ಗಿಟಾರ್ ತೆಗೆದುಕೊಂಡೆ. ಆಂಪ್ಲಿಫೈಯರ್ ಕೂಡ ಅದೇ ಥರದ್ದು. ಆದರೂ ಆ ನಾದ ಬರ್ತಿಲ್ಲ. ಎಲ್ಲಿ ತಪ್ಪಿದೆ?

ಎಲ್ಲೂ ಇಲ್ಲ. ಗಿಟಾರಿಸ್ಟ್ ಟೆಡ್ ನ್ಯೂಜೆಂಟ್ ಒಮ್ಮೆ ಎಡ್ಡಿಯ ಸ್ವಂತ ಗಿಟಾರನ್ನೇ, ಅವರದೇ ಆಂಪ್ಲಿಫೈಯರ್‌ಗೆ ಸೇರಿಸಿ ನುಡಿಸಿದರಂತೆ. ಕೇಳಿದ್ದು ಟೆಡ್ ನ್ಯೂಜೆಂಟ್‌ನ ನಾದವೇ. ಈ ಪ್ರಸಂಗವನ್ನು ನ್ಯೂಜೆಂಟ್ ಅವರೇ ಹೇಳಿಕೊಂಡಿದ್ದಾರೆ. ನಾದ ಬರುವುದು ಬೆರಳಿನಿಂದ. ತಂತಿ ಮುಟ್ಟುವ ಒತ್ತಡ, ಪಿಕ್ ಹಿಡಿಯುವ ಕೋನ, ಅಂಗೈ ಅಂಚು ತಂತಿಯನ್ನು ಎಷ್ಟು ಅದುಮುತ್ತದೆ ಅನ್ನುವುದು, ಇವನ್ನು ಯಾರೂ ಮಾರುವುದಿಲ್ಲ.

ಎಡ್ಡಿಯ ಮೂಲ ಗಿಟಾರ್ ಹೇಗೆ ಹುಟ್ಟಿತು ಗೊತ್ತಾ? 50 ಡಾಲರಿನ ಮರದ ಒಡಲು, 80 ಡಾಲರಿನ ಕತ್ತು, ಗಿಬ್ಸನ್ ಗಿಟಾರಿನಿಂದ ಕಿತ್ತ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ತಾನೇ ಜೋಡಿಸಿ, ಟೇಪು ಅಂಟಿಸಿ, ಬಣ್ಣ ಹೊಡೆದದ್ದು. ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಅಲುಗಬಾರದು ಅಂತ ಅಡಿಯಲ್ಲಿ ಒಂದು ಕ್ವಾರ್ಟರ್ (ಕಾಲು ಡಾಲರ್) ನಾಣ್ಯ ಸಿಕ್ಕಿಸಿದ್ದರು. ತನಗೆ ಬೇಕಾದದ್ದು ಅಂಗಡಿಯಲ್ಲಿ ಸಿಗದಿದ್ದಾಗ ಕೈಯಾರೆ ಮಾಡಿಕೊಂಡವರು ಅವರು. ಗಿಟಾರ್ ನಿಮ್ಮ ಹತ್ತಿರ ಇರಲಿ, ನೋಡಲು ಚೆಂದ. ಆದರೆ ನಾಬ್‌ಗಳನ್ನು ನಿಮ್ಮ ಕಿವಿಗೆ ಹಿತವಾಗುವ ಕಡೆ ತಿರುಗಿಸಿ. ಇನ್ನೊಂದು ಮಾತು: ಅವರು ವೋಲ್ಟೇಜ್ ಇಳಿಸಲು ವೇರಿಯಾಕ್ ಅನ್ನುವ ಸಾಧನ ಬಳಸುತ್ತಿದ್ದರು ಅಂತ ಓದಿ, ಮನೆಯ ವಿದ್ಯುತ್ ಜೊತೆ ಪ್ರಯೋಗ ಮಾಡಬೇಡಿ. ದಯವಿಟ್ಟು.

ಪ್ರಶ್ನೆ: ಎಡ್ಡಿಯ ಒಂದು ಗಿಟಾರನ್ನು ಶವದ ಜೊತೆ ಹೂಳಿದ್ದಾರೆ ಅನ್ನುವುದು ನಿಜಾನಾ?

ನಿಜ. ಆದರೆ ಎಡ್ಡಿಯ ಜೊತೆ ಅಲ್ಲ. 2004ರ ಡಿಸೆಂಬರ್ 8ರಂದು, ಒಹಾಯೋದ ಕೊಲಂಬಸ್‌ನಲ್ಲಿ, ಡೈಮ್‌ಬ್ಯಾಗ್ ಡ್ಯಾರೆಲ್ ಎಂಬ ಗಿಟಾರಿಸ್ಟನ್ನು ವೇದಿಕೆಯ ಮೇಲೇ ಗುಂಡಿಕ್ಕಿ ಕೊಂದರು. ಡೈಮ್‌ಬ್ಯಾಗ್ ಚಿಕ್ಕಂದಿನಿಂದ ಎಡ್ಡಿಯ ಅಭಿಮಾನಿ. ಪಟ್ಟಿಯ ಗಿಟಾರಿನ ಒಂದು ಪ್ರತಿ ಬೇಕು ಅಂತ ಕೆಲವೇ ದಿನ ಮೊದಲು ಎಡ್ಡಿಯನ್ನು ಕೇಳಿದ್ದರು. ಅಂತ್ಯಕ್ರಿಯೆಗೆ ಬಂದ ಎಡ್ಡಿ ಪ್ರತಿ ತರಲಿಲ್ಲ. 1979ರ ಎರಡನೇ ಆಲ್ಬಮ್ಮಿನ ಹಿಂಬದಿಯ ಚಿತ್ರದಲ್ಲಿರುವ ಹಳದಿ-ಕಪ್ಪು ಗಿಟಾರನ್ನೇ ತಂದು ಶವಪೆಟ್ಟಿಗೆಯಲ್ಲಿ ಇಟ್ಟರು. ಡೈಮ್‌ಬ್ಯಾಗ್ ಅಸಲಿ ಮನುಷ್ಯ, ಅವನಿಗೆ ಅಸಲಿಯೇ ಸಲ್ಲಬೇಕು ಅನ್ನುವುದು ಅವರ ಭಾವ.

ಇವತ್ತು ಆ ಗಿಟಾರಿಗೆ ಎಷ್ಟು ಬೆಲೆ ಬರುತ್ತಿತ್ತು ಅಂತ ಲೆಕ್ಕ ಹಾಕುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಭಿಮಾನಿ ಸತ್ತಾಗ ಆರಾಧ್ಯ ವ್ಯಕ್ತಿಯೇ ಬಂದು ದುಃಖಪಟ್ಟ ಘಟನೆ ಇದು.

ಪ್ರಶ್ನೆ: 2021ರ ಗ್ರ್ಯಾಮಿ ಸಮಾರಂಭದಲ್ಲಿ ಎಡ್ಡಿಗೆ ಕೆಲವೇ ಸೆಕೆಂಡು ಕೊಟ್ಟರು ಅಂತ ಅಭಿಮಾನಿಗಳು ಸಿಟ್ಟಾದರಲ್ಲ. ಸಿಟ್ಟು ನ್ಯಾಯವೇ?

ನ್ಯಾಯವೇ. ವೇದಿಕೆಯ ಮೇಲೆ ಗಿಟಾರನ್ನು ನಿಲ್ಲಿಸಿ ಹದಿನೈದು ಸೆಕೆಂಡು ವಿಡಿಯೋ ತೋರಿಸಿದರು. ರಾಕ್ ಗಿಟಾರಿನ ಭಾಷೆಯನ್ನೇ ಬದಲಿಸಿದವರಿಗೆ ಅದು ಸಾಲದು. "ಇರಪ್ಷನ್" ನುಡಿಸಲು ವೋಲ್ಫ್‌ಗ್ಯಾಂಗ್‌ಗೆ ಕರೆ ಹೋಗಿತ್ತು. ಅಪ್ಪ ಮಾಡಿದ್ದನ್ನು ಅಪ್ಪನ ಹೊರತು ಬೇರೆ ಯಾರೂ ಮಾಡಲಾರರು ಅಂತ ಅವರು ಒಪ್ಪಲಿಲ್ಲ. ಬೇಸರವಾಯಿತು ಅಂತ ಬರೆದರು, ಆದರೆ ದ್ವೇಷ ಕಾರಲಿಲ್ಲ. ಆ ಹುಡುಗನ ಬಗ್ಗೆ ನನಗೆ ತುಂಬಾ ಗೌರವ. ಅಪ್ಪನ ಹಾಡು ನುಡಿಸಿಕೊಂಡೇ ಜೀವನ ಸಾಗಿಸಬಹುದಿತ್ತು. ತನ್ನದೇ ಹಾಡು ಬರೆಯುತ್ತಿದ್ದಾರೆ. 2020ರ ನವೆಂಬರ್‌ನಲ್ಲಿ ಅಪ್ಪನ ನೆನಪಿಗೆ "ಡಿಸ್ಟೆನ್ಸ್" ಬಿಡುಗಡೆ ಮಾಡಿದರು. ವಿಡಿಯೋದಲ್ಲಿ ಇರುವುದು ಮನೆಯಲ್ಲಿ ತೆಗೆದ ದೃಶ್ಯಗಳು. ಇನ್ನೂ ನೋಡಿಲ್ಲದಿದ್ದರೆ ಬಿಡುವು ಮಾಡಿಕೊಂಡು ನೋಡಿ.

ಪ್ರಶ್ನೆ: ನನ್ನ ಗಂಡ ಎಡ್ಡಿ ಅಂದರೆ ಪ್ರಾಣ ಬಿಡುತ್ತಾರೆ. ನನಗೆ ರಾಕ್ ಸಂಗೀತ ಗೊತ್ತಿಲ್ಲ. ಅವರ ದುಃಖ ಅರ್ಥ ಮಾಡಿಕೊಳ್ಳಬೇಕು ಅಂತ ಆಸೆ. ಯಾವುದರಿಂದ ಕೇಳಲು ಶುರು ಮಾಡಲಿ?

ಈ ಪತ್ರ ಓದಿ ಬಹಳ ಸಂತೋಷವಾಯಿತು. ನೀವು ಎಡ್ಡಿಯನ್ನು ಈಗಾಗಲೇ ಕೇಳಿರುವ ಸಾಧ್ಯತೆಯೇ ಜಾಸ್ತಿ. ಮೈಕಲ್ ಜಾಕ್ಸನ್‌ನ "ಬೀಟ್ ಇಟ್" ಗೊತ್ತಲ್ವಾ? 1982ರಲ್ಲಿ ಅದರ ಗಿಟಾರ್ ಸೋಲೋ ನುಡಿಸಿದ್ದು ಇವರೇ. ದುಡ್ಡು ತೆಗೆದುಕೊಳ್ಳಲಿಲ್ಲ. ಅಲ್ಲಿಂದ ಶುರು ಮಾಡಿ.

ಆಮೇಲೆ 1982ರದೇ "ಕೆಥೀಡ್ರಲ್". ಆರ್ಗನ್ ನುಡಿಸಿದ ಹಾಗೆ ಕೇಳುತ್ತದೆ, ಆದರೆ ಪೂರ್ತಿ ಗಿಟಾರ್. ಎಡಗೈ ಸ್ವರ ಕುಟ್ಟುವಾಗ ಬಲಗೈ ವಾಲ್ಯೂಮ್ ನಾಬನ್ನು ತಿರುಗಿಸುತ್ತಲೇ ಇರುತ್ತದೆ. ಮೂರನೆಯದು 1991ರ "316". ಮಗ ಹುಟ್ಟಿದ್ದು ಅದೇ ವರ್ಷದ ಮಾರ್ಚ್ 16ಕ್ಕೆ, ಹೆಸರು ಬಂದದ್ದು ಆ ದಿನಾಂಕದಿಂದ. ಅಬ್ಬರದ ಎಡ್ಡಿ ಮಾತ್ರ ಗೊತ್ತಿದ್ದವರು ಇದನ್ನು ಕೇಳಿ ಸುಮ್ಮನಾಗುತ್ತಾರೆ. "ಇರಪ್ಷನ್" ಕಡೆಗೆ ಇರಲಿ. ಅಷ್ಟು ಹೊತ್ತಿಗೆ ಆ ಕೈ ನಿಮಗೆ ಪರಿಚಯ ಆಗಿರುತ್ತದೆ.

ಸೋಲೋ ಮಾತ್ರ ಕೇಳಿ ನಿಲ್ಲಿಸಬೇಡಿ. ಹಾಡುಗಾರ ಹಾಡುವಾಗ ಹಿಂದೆ ಗಿಟಾರ್ ಏನು ಮಾಡುತ್ತಿದೆ ಅಂತ ಗಮನಿಸಿ. ಎಡ್ಡಿಯ ನಗು ಇರುವುದು ಅಲ್ಲಿ. ಒಬ್ಬರೇ ಕೇಳಬೇಡಿ, ನಿಮ್ಮವರನ್ನೂ ಕೂರಿಸಿಕೊಳ್ಳಿ. ಮಧ್ಯೆ ನಿಲ್ಲಿಸಿ "ಇದು ಹೇಗೆ ಮಾಡಿದರು?" ಅಂತ ಕೇಳಿ. ಆ ಪ್ರಶ್ನೆಗೆ ಅವರು ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತಾರೆ.