ಸಿಂಹಗಡದ ಹತ್ತಿರ ಸಿಕ್ಕ ಕಲ್ಲಿನ ಮೇಲೆ ಜರಿಗಿಡದ ಎಲೆಯಂಥ ಗುರುತಿದೆ. ಇದು ಪಳೆಯುಳಿಕೆಯಾ?

ಸಿಂಹಗಡದ ಬುಡದಲ್ಲಿ ಸೀಳಿಕೊಂಡು ಬಿದ್ದಿದ್ದ ಕಲ್ಲು, ಸೀಳಿದ ಮೈ ಮೇಲೆ ಜರಿಗಿಡದ ಎಲೆಯ ಹಾಗೆ ಕಪ್ಪು ಗುರುತು, ಅಂಗೈಯಷ್ಟು ಅಗಲ. ಇದು ಪಳೆಯುಳಿಕೆಯಾ, ಯಾರಿಗೆ ತೋರಿಸಬೇಕು ಅಂತ ಕೇಳಿದ್ದೀರಿ. ಫೋಟೋ ಹಾಕಿಲ್ಲ, ಆದರೂ ವಿವರ ಚೆನ್ನಾಗಿ ಬರೆದಿದ್ದೀರಿ. ನನ್ನ ಅಂದಾಜಿನಲ್ಲಿ ಅದು ಎಲೆಯಲ್ಲ, ಡೆಂಡ್ರೈಟ್, ಅಂದರೆ ಕಲ್ಲಿನ ಸೀಳಿನಲ್ಲಿ ಖನಿಜ ಬಿಡಿಸಿದ ಗಿಡದಂಥ ಚಿತ್ರ. ಬೇಜಾರು ಮಾಡಿಕೊಳ್ಳಬೇಡಿ, ಅದೂ ನೋಡುವಂಥ ವಸ್ತುವೇ.

ನಾನು ಬಾಗಲಕೋಟೆ ಕಡೆಯವನು. ಓದಿದ್ದು ಭೂವಿಜ್ಞಾನ. ಪುಣೆಯಲ್ಲಿ ಬೋರ್‌ವೆಲ್‌ಗೆ ಜಾಗ ನೋಡಿ ಕೊಡುವುದು ನನ್ನ ಕೆಲಸ, ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿನ ಕನ್ನಡದ ಮನೆಗಳವರು, ಟ್ರೆಕ್ಕಿಂಗ್ ಹೋಗುವ ಹುಡುಗ ಹುಡುಗಿಯರು ಫೋನಿಗೆ ಕಲ್ಲಿನ ಫೋಟೋ ಕಳಿಸಿ "ಕಾಕಾ, ಇದೇನು ನೋಡಿ" ಅನ್ನುತ್ತಾರೆ. ಕಲ್ಲನ್ನು ನೋಡುವ ಮೊದಲು ನಾನು ಒಂದೇ ಮಾತು ಕೇಳುತ್ತೇನೆ: ಎಲ್ಲಿ ಸಿಕ್ಕಿತು?

ಯಾಕೆ ಅಂದರೆ ಪುಣೆಯ ನೆಲವೇ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದೆ ಒಂದರ ಮೇಲೊಂದು ಹರಿದು ಗಟ್ಟಿಯಾದ ಕರಿಕಲ್ಲು, ಅಂದರೆ ಬಸಾಲ್ಟ್. ಸಿಂಹಗಡ, ತೋರಣಾ, ರಾಜಗಡ ಎಲ್ಲವೂ ಅದೇ. ಕುದಿಯುವ ಲಾವಾದೊಳಗೆ ಎಲೆ ಸಿಕ್ಕರೆ ಸುಟ್ಟೇ ಹೋಗುತ್ತದೆ. ಪಳೆಯುಳಿಕೆ ಉಳಿಯಬೇಕಾದರೆ ಕೆಸರು, ಮರಳು, ಸುಣ್ಣದ ಕೆನೆ ಇಂಥವು ನಿಧಾನಕ್ಕೆ ಮುಚ್ಚಬೇಕು.

ಹಾಗಂತ ಡೆಕ್ಕನ್ ಟ್ರ್ಯಾಪ್‌ನಲ್ಲಿ, ಅಂದರೆ ಈ ಲಾವಾ ಪದರಗಳ ನಾಡಿನಲ್ಲಿ, ಪಳೆಯುಳಿಕೆ ಇಲ್ಲವೇ ಇಲ್ಲ ಅಂತಲ್ಲ. ಒಂದು ಲಾವಾ ಹರಿದ ಮೇಲೆ ಇನ್ನೊಂದು ಬರುವ ತನಕ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಮಣ್ಣಾಗುತ್ತಿತ್ತು, ಕೆರೆ ತುಂಬುತ್ತಿತ್ತು. ಪುಣೆಯಿಂದ ಹುಬ್ಬಳ್ಳಿ ಬಸ್ಸಿನಲ್ಲಿ ಹೋಗುವಾಗ ಖಂಬಾಟ್ಕಿ ಘಾಟಿನಲ್ಲಿ ಕರಿಕಲ್ಲಿನ ಮಧ್ಯೆ ಒಂದು ಕೆಂಪು ಪಟ್ಟಿ ಕಾಣುತ್ತದೆ. ನೋಡಿರಬಹುದು, ಇಟ್ಟಿಗೆ ಬಣ್ಣ. ಅದು ಅಂಥ ಬಿಡುವಿನಲ್ಲಿ ಆದ ಹಳೆಯ ಮಣ್ಣು. ನಾನು ಊರಿಗೆ ಹೋಗುವಾಗಲೆಲ್ಲ ಅದಕ್ಕೋಸ್ಕರ ಕಿಟಕಿ ಪಕ್ಕದ ಸೀಟು ಕೇಳುತ್ತೇನೆ. ಮುಂಬೈಯ ವರ್ಲಿಯಲ್ಲಿ ಇಂಥದೇ ಬಿಡುವಿನ ಕೆರೆಯ ಕೆಸರು ಕಲ್ಲಾಗಿ, ಅದರಲ್ಲಿ ಪುಟ್ಟ ಕಪ್ಪೆಗಳ ಎಲುಬು ಸಿಕ್ಕವು. ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಓವೆನ್ 1847ರಲ್ಲಿ ಅವುಗಳಿಗೆ ಹೆಸರಿಟ್ಟರು. ಈಗ ಆ ಕುಲಕ್ಕೆ ಇಂಡೋಬಟ್ರಾಕಸ್ ಅನ್ನುತ್ತಾರೆ. ಆ ಎಲುಬು ಇದ್ದದ್ದು ಲಾವಾದಲ್ಲಲ್ಲ, ಎರಡು ಲಾವಾಗಳ ನಡುವಿನ ತೆಳು ಪದರದಲ್ಲಿ. ಅದಕ್ಕೇ ಜಾಗ ಕೇಳುವುದು, ಅದೂ ಬೆಟ್ಟದ ಹೆಸರಷ್ಟೇ ಸಾಲದು, ಯಾವ ಪದರ ಅಂತ ಬೇಕು.

ಇಲ್ಲಿ ಕಣ್ಣಿಗೆ ಮೋಸ ಮಾಡುವ ಕಲ್ಲು ಬಹಳ. "ಡೈನೋಸಾರ್ ಮೊಟ್ಟೆ" ಅಂತ ಬರುವ ಫೋಟೋಗಳು ಹೆಚ್ಚಾಗಿ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದುಕೊಂಡು ಗುಂಡಗಾದ ಬಸಾಲ್ಟ್. "ಹವಳ" ಅಂತ ಬರುವುದು ಸ್ಕೋಲೆಸೈಟ್, ಲಾವಾದ ಗುಳ್ಳೆಯೊಳಗೆ ಸೂಜಿ ಸೂಜಿಯಾಗಿ ಬೆಳೆದ ಹರಳು. ಇವೆರಡನ್ನೂ ಒಂದು ಸಲ ಕೈಯಲ್ಲಿ ಹಿಡಿದರೆ ಮತ್ತೆ ಮರೆಯುವುದಿಲ್ಲ.

ನಿಮ್ಮ ಎಲೆಗೆ ಬರೋಣ. ಕಲ್ಲಿನ ಸೀಳಿನೊಳಗೆ ಮ್ಯಾಂಗನೀಸ್, ಕಬ್ಬಿಣ ಕರಗಿದ ನೀರು ಇಳಿಯುತ್ತದೆ. ನೀರು ಒಣಗಿದರೂ ಅವು ಕಪ್ಪಗೆ ಅಲ್ಲೇ ಕೂರುತ್ತವೆ, ಕೊಂಬೆ ಕೊಂಬೆಯಾಗಿ ಹರಡುತ್ತವೆ. ಇದೇ ಡೆಂಡ್ರೈಟ್. ಉತ್ತರ ಪ್ರದೇಶದ ಬಾಂದಾದಲ್ಲಿ ಕೆನ್ ನದಿಯ ಶಜರ್ ಕಲ್ಲನ್ನು ಉಂಗುರಕ್ಕೆ ಕೂರಿಸುತ್ತಾರಲ್ಲ, ಅದರೊಳಗಿನ ಗಿಡವೂ ಇದೇ. ಅಡುಗೆಮನೆಯಲ್ಲಿ ಇದಕ್ಕೆ ಹೋಲುವ ಒಂದು ಆಟ ಆಡಬಹುದು. ಎರಡು ಚಪ್ಪಟೆ ತಟ್ಟೆಗಳ ಮಧ್ಯೆ ಒಂದು ಚಮಚ ಗಟ್ಟಿ ಮೊಸರು ಹಾಕಿ ಒತ್ತಿ. ಮೇಲಿನದನ್ನು ನೇರಕ್ಕೆ ಎತ್ತಿ. ಮೊಸರು ಮರದ ಕೊಂಬೆಯ ಹಾಗೆ ಕವಲೊಡೆದಿರುತ್ತದೆ. ಕಾರಣ ಬೇರೆ, ಆದರೆ ಬೀಜವಿಲ್ಲದೆ ಬೇರಿಲ್ಲದೆ ಗಿಡದ ಚಿತ್ರ ಬರುತ್ತದೆ ಅನ್ನುವುದು ಕಣ್ಣಾರೆ ಗೊತ್ತಾಗುತ್ತದೆ.

ಲೆನ್ಸ್ ಇದ್ದರೆ ಹತ್ತಿರದಿಂದ ನೋಡಿ. ಎಲೆಯಾದರೆ ನಡುನರ ಇರಬೇಕು, ಅದರಿಂದ ಎರಡೂ ಕಡೆ ನರಗಳು ಒಂದು ಲೆಕ್ಕದಲ್ಲಿ ಹೊರಡಬೇಕು, ಎಲೆಗೆ ಅಂಚು ಇರಬೇಕು. ಡೆಂಡ್ರೈಟ್‌ಗೆ ಆ ಲೆಕ್ಕವಿಲ್ಲ. ಬಹಳ ಸಲ ಅದು ಕಲ್ಲಿನ ಅಂಚಿನಿಂದಲೋ ಬಿರುಕಿನಿಂದಲೋ ಶುರುವಾಗುತ್ತದೆ, ಬಣ್ಣ ಬಳಿದ ಹಾಗೆ ತೆಳ್ಳಗಿರುತ್ತದೆ.

ಜಾಗ ಕೇಳದೆ ನಾನೇ ಒಂದು ಸಲ ತಪ್ಪು ಹೇಳಿದ್ದೇನೆ. ಕೋಥ್ರೂಡಿನ ಒಬ್ಬ ಹುಡುಗಿ ಫೋಟೋ ಕಳಿಸಿದ್ದಳು. ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು, ಫ್ಲ್ಯಾಶ್ ಹಾಕಿ ತೆಗೆದದ್ದು. ಬಾಗಿದ ತುಂಡು, ಮೈ ಮೇಲೆ ಏಣುಗಳು. ಪುಣೆಯದೇ ಅಂದುಕೊಂಡು "ಸವೆದ ಬಸಾಲ್ಟ್ ಮಗಳೇ, ಪಳೆಯುಳಿಕೆ ಅಲ್ಲ" ಅಂತ ಬರೆದೆ. ಎರಡು ತಿಂಗಳ ಮೇಲೆ ಅವರ ಮನೆಗೆ ಊಟಕ್ಕೆ ಹೋದೆ. ಕಲ್ಲು ತುಳಸಿ ಕುಂಡದಲ್ಲಿತ್ತು. ಎತ್ತಿ ನೋಡಿದರೆ ಹಳದಿ ಮಿಶ್ರಿತ ಬೂದು, ಸುಣ್ಣದ ಕಲ್ಲು. ಏಣುಗಳ ನಡುವೆ ಕೊತ್ತಂಬರಿ ಎಲೆಯ ಅಂಚಿನಂಥ ಸೊಟ್ಟ ಸೊಟ್ಟ ಗೆರೆಗಳು. ಆ ಗೆರೆ ಅಮೋನೈಟ್‌ನ, ಅಂದರೆ ಸುರುಳಿ ಚಿಪ್ಪಿನ ಅಳಿದುಹೋದ ಸಮುದ್ರಜೀವಿಯ, ಸಹಿ ಇದ್ದ ಹಾಗೆ. ಚಿಪ್ಪಿನ ಒಳಗೋಡೆಗಳು ಹೊರಗೋಡೆಗೆ ತಾಗುವಲ್ಲಿ ಹಾಗೆ ಮೂಡುತ್ತದೆ. ಕೇಳಿದರೆ, ಅವಳ ಅಜ್ಜ ತಮಿಳುನಾಡಿನ ಅರಿಯಲೂರಿನಲ್ಲಿ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರಂತೆ, ಅಲ್ಲಿಂದ ತಂದದ್ದು. ಅರಿಯಲೂರು ಕ್ರಿಟೇಶಿಯಸ್ ಕಾಲದಲ್ಲಿ, ಅಂದರೆ ಡೈನೋಸಾರ್‌ಗಳ ಕೊನೆಯ ಕಾಲದಲ್ಲಿ, ಸಮುದ್ರ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಅಂದರು, "ನಮ್ಮ ದೇವರ ಮನೆ ಸಾಲಿಗ್ರಾಮದ ಚಕ್ರದ ಹಂಗೇ ಐತಲ್ಲೋ, ನಾ ಅವತ್ತೇ ಅಂದಿದ್ದೆ." ಅಜ್ಜಿಯ ಕಣ್ಣು ಸರಿಯಾಗಿತ್ತು. ಗಂಡಕಿಯ ಸಾಲಿಗ್ರಾಮದೊಳಗಿನ ಚಕ್ರವೂ ಅಮೋನೈಟಿನದೇ. ನಾನು ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ. ಅವಳು ನನ್ನ ಮಾತು ನಂಬಿ ಅದನ್ನು ಕುಂಡಕ್ಕೆ ಹಾಕಿದ್ದಳು ಅನ್ನುವುದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ದೊಡ್ಡವರಿಗೂ ಇದು ಆಗುತ್ತದೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಗುಹೆಯಲ್ಲಿ ಡಿಕಿನ್‌ಸೋನಿಯಾ ಅನ್ನುವ ಅತಿ ಹಳೆಯ ಜೀವಿಯ ಗುರುತು ಸಿಕ್ಕಿತು ಅಂತ 2021ರಲ್ಲಿ ಪ್ರಕಟವಾಯಿತು. ಬೇರೆ ತಂಡ ಅಲ್ಲಿಗೇ ಹೋಗಿ ನೋಡಿದರೆ ಅದು ಬಂಡೆಯಿಂದ ಕಿತ್ತು ಬರುತ್ತಿತ್ತು. ಹೆಜ್ಜೇನು ಗೂಡಿನ ಉಳಿಕೆ ಅದು. 2023ರಲ್ಲಿ ಹಾಗಂತ ಪ್ರಕಟಿಸಿದರು, ಮೊದಲು ಹೇಳಿದ ವಿಜ್ಞಾನಿಯೂ ಒಪ್ಪಿಕೊಂಡರು. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಈಗ ನೀವು ಮಾಡಬೇಕಾದ್ದು. ಕಲ್ಲನ್ನು ತಿಕ್ಕಿ ತೊಳೆಯಬೇಡಿ, ವಾರ್ನಿಷ್ ಎಣ್ಣೆ ಏನೂ ಬೇಡ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ, ಫ್ಲ್ಯಾಶ್ ಇಲ್ಲದೆ, ಎಲ್ಲ ಬದಿಯ ಫೋಟೋ ತೆಗೆಯಿರಿ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ಅದು 27 ಮಿಲಿಮೀಟರ್ ಅಂತ ನಮಗೆ ಗೊತ್ತು. ಸಿಕ್ಕ ಜಾಗವನ್ನು ಒಂದು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ. ಚೀಟಿ ಕಳೆದುಹೋದ ಪಳೆಯುಳಿಕೆ ಅರ್ಧ ಸತ್ತ ಹಾಗೆ. ತೋರಿಸುವುದಾದರೆ ಪುಣೆಯಲ್ಲೇ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಪಳೆಯುಳಿಕೆ ಅಭ್ಯಾಸ ಮಾಡುವವರಿದ್ದಾರೆ, ಫರ್ಗ್ಯೂಸನ್ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗ ಇದೆ. ಸುಮ್ನೆ ಹೋಗಬೇಡಿ, ಫೋಟೋ ಕಳಿಸಿ ಸಮಯ ಕೇಳಿಕೊಂಡು ಹೋಗಿ.

ಒಂದು ಮಾತು ಕೇಳುವುದು ಮರೆತಿದ್ದೆ. ಸೀಳಿದ ಕಲ್ಲಿನ ಇನ್ನೊಂದು ಅರ್ಧ ಅಲ್ಲೇ ಬಿಟ್ಟು ಬಂದಿರಾ? ಮತ್ತೆ ಆ ಕಡೆ ಹೋದರೆ ಹುಡುಕಿ, ಅಲ್ಲೇ ಫೋಟೋ ತೆಗೆದುಕೊಳ್ಳಿ. ಎರಡೂ ಅರ್ಧದಲ್ಲಿ ಅದೇ ಕಪ್ಪು ಚಪ್ಪಟೆ ಬಣ್ಣ ಇದ್ದರೆ ಡೆಂಡ್ರೈಟ್. ಒಂದರಲ್ಲಿ ನರ ಉಬ್ಬಿ, ಇನ್ನೊಂದರಲ್ಲಿ ಅದೇ ನರ ಅಚ್ಚಿನ ಹಾಗೆ ತಗ್ಗಾಗಿದ್ದರೆ ನನ್ನ ಅಂದಾಜು ತಪ್ಪು. ಹಾಗಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ, ಆ ಪದರ ನೋಡಲು ನಾನೂ ನಿಮ್ಮ ಜೊತೆ ಬರುತ್ತೇನೆ.