ಪೂರ್ತಿ ವಾಸಿಯಾಗಲಿ ಎಂದು ಕಾಯುವುದೇಕೆ?

ಪತ್ರ: ನನ್ನ ವಿಭಾಗದ ನೌಕರರೊಬ್ಬರಿಗೆ ಬೆಂಕಿ ಅನಾಹುತದಲ್ಲಿ ಮುಖ, ಕೈ ಸುಟ್ಟಿದ್ದವು. ಎಂಟು ತಿಂಗಳಾಯಿತು, ಈಗ ಕೆಲಸಕ್ಕೆ ಬರುತ್ತೇನೆ ಅನ್ನುತ್ತಿದ್ದಾರೆ. ಪೂರ್ತಿ ವಾಸಿಯಾಗುವವರೆಗೆ ಮನೆಯಲ್ಲಿರಲಿ ಅನ್ನುವುದು ನನ್ನ ಅನಿಸಿಕೆ. ಸರಿಯಲ್ಲವೇ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಕುಲುಮೆಯ ಮುಂದೆ ನಿಲ್ಲುವ ಕೆಲಸವಾದರೆ ವೈದ್ಯರು ಹೇಳಿದ್ದೇ ಕೊನೆ ಮಾತು. ಕಸಿ ಮಾಡಿದ ಚರ್ಮ ಸರಿಯಾಗಿ ಬೆವರುವುದಿಲ್ಲ, ಸೆಕೆ ತಾಳುವುದಿಲ್ಲ. ಆದರೆ ‘ಪೂರ್ತಿ ವಾಸಿ’ ಎಂಬ ಗಡುವನ್ನು ನಾನು ಒಪ್ಪಲಾರೆ. ಸುಟ್ಟ ಕಲೆ ಹದಕ್ಕೆ ಬರಲು ಒಂದೆರಡು ವರ್ಷವೇ ಹಿಡಿಯಬಹುದು. ಕಲೆ ದಪ್ಪಗಟ್ಟದಿರಲೆಂದು ಎಷ್ಟೋ ಜನ ದಿನಕ್ಕೆ 23 ಗಂಟೆ ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು (ಪ್ರೆಶರ್ ಗಾರ್ಮೆಂಟ್) ತೊಟ್ಟಿರುತ್ತಾರೆ. ಜೊತೆಗೆ ನಿದ್ದೆಗೆಡಿಸುವ ತುರಿಕೆ. ಬೆರಳು ಆಡಿಸುತ್ತಿರದಿದ್ದರೆ ಚರ್ಮ ಜಗ್ಗಿ ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ. ಇಷ್ಟನ್ನೂ ನಾಲ್ಕು ಗೋಡೆಗಳ ನಡುವೆ ಒಬ್ಬರೇ ಸಹಿಸಲಿ ಅನ್ನುವುದಕ್ಕೆ ವಿಶ್ರಾಂತಿ ಅನ್ನುತ್ತೀರಾ?

ಎರಡನೇ ಮಹಾಯುದ್ಧದಲ್ಲಿ ವಿಮಾನದ ಬೆಂಕಿಗೆ ಸಿಕ್ಕ ಯುವಕರಿಗೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಆರ್ಚಿಬಾಲ್ಡ್ ಮೆಕಿಂಡೋ. ಆಸ್ಪತ್ರೆಯ ಉಡುಪು ಬೇಡ, ನಿಮ್ಮ ಸಮವಸ್ತ್ರವನ್ನೇ ತೊಡಿ ಎಂದರು. ಮುಖದ ಕಸಿ ಇನ್ನೂ ಮುಗಿಯದಿದ್ದವರನ್ನೂ ಊರೊಳಗೆ ಓಡಾಡಲು ಕಳಿಸಿದರು. ಇವರನ್ನು ಮನೆಗೆ ಕರೆಯಿರಿ ಎಂದು ಊರವರನ್ನು ಒಪ್ಪಿಸಿದರು. ಚಿಕಿತ್ಸೆಯ ನಡುವೆಯೇ ವಿಮಾನದ ಉಪಕರಣ ಜೋಡಿಸುವ ಕೆಲಸವೂ ಅಲ್ಲಿತ್ತು. ಆ ಯುವಕರು 1941ರಲ್ಲಿ ಕಟ್ಟಿಕೊಂಡ ‘ಗಿನಿ ಪಿಗ್ ಕ್ಲಬ್’ನಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 649 ಸದಸ್ಯರಿದ್ದರು. ಅವರಲ್ಲಿ ಕೆಲವರು ಮತ್ತೆ ವಿಮಾನ ಹಾರಿಸಿದರು. ಪೂರ್ತಿ ವಾಸಿಯಾಗಲಿ ಎಂದು ಮೆಕಿಂಡೋ ಕಾದಿದ್ದರೆ?

ನನಗೆ ಗೊತ್ತಿರುವ ಗುಮಾಸ್ತೆಯೊಬ್ಬರು ಇಂಥದೇ ರಜೆ ಮುಗಿಸಿ ಬಂದಾಗ, ‘ನಿಮಗೇ ಮುಜುಗರ ಆಗದಿರಲಿ’ ಎಂದು ಅವರನ್ನು ಕೌಂಟರಿನಿಂದ ಎಬ್ಬಿಸಿ ದಾಖಲೆ ಕೋಣೆಗೆ ಕಳಿಸಿದರು. ಅವರಿಗೆ ಮುಜುಗರವೇನೂ ಇರಲಿಲ್ಲ, ಇದ್ದದ್ದು ಮೇಲಧಿಕಾರಿಗೆ. ಸಿನಿಮಾದವರಿಗೆ ಸುಟ್ಟ ಮುಖ ಬೇಕಾಗುವುದು ಖಳನಿಗೆ. ಜಾಹೀರಾತಿನಲ್ಲಂತೂ ಅಂಥ ಮುಖ ಕಾಣಿಸುವುದೇ ಇಲ್ಲ. ನೋಡುವವರ ಕಣ್ಣಿಗೆ ನೆಮ್ಮದಿಯಾಗಲೆಂದು ಗಾಯಗೊಂಡವರನ್ನು ಬಚ್ಚಿಡುತ್ತೇವೆ, ಅದಕ್ಕೆ ಕರುಣೆಯ ಹೆಸರು ಕೊಡುತ್ತೇವೆ. ನಿಮ್ಮ ಪತ್ರದಲ್ಲೂ ಇದರ ಎಳೆಯೊಂದು ಇದೆ, ಬೇಸರಿಸಬೇಡಿ.

ಅವರನ್ನು ಕರೆಸಿ. ಮೊದಮೊದಲು ಅರ್ಧ ದಿನದ ಕೆಲಸ, ಬಿಸಿಲು ಬೀಳದ ತಂಪು ಜಾಗ, ಕ್ರೀಮ್ ಹಚ್ಚಿಕೊಳ್ಳಲು, ಬೆರಳಿನ ವ್ಯಾಯಾಮಕ್ಕೆ ನಡುನಡುವೆ ಬಿಡುವು. ಹಳೆಯ ಮೇಜನ್ನೇ ಕೊಡಿ. ಏನಾಯಿತೆಂದು ಉಳಿದವರಿಗೆ ನೀವು ಹೇಳಬೇಕೋ, ಅವರೇ ಹೇಳುತ್ತಾರೋ, ಅದನ್ನೂ ಅವರನ್ನೇ ಕೇಳಿ.

— ಸಂ.